ಗುದ್ದಲಿ ಎತ್ತುವ ಮುನ್ನ ಜಮಖಾನ ಹಾಸಿ: ಊರು ತಾನೇ ಬಡತನ ನೀಗಿಸಿಕೊಳ್ಳುವ ಸೂತ್ರಗಳು

ಊರಿಗೆ ಯೋಜನೆ ಬರುತ್ತದೆ, ಬಿಲ್ಲು ಪಾಸಾಗುತ್ತದೆ, ಹೆಸರಿನ ಫಲಕ ಏಳುತ್ತದೆ. ಐದು ವರ್ಷ ಕಳೆಯುವಷ್ಟರಲ್ಲಿ ಚೆಕ್‌ಡ್ಯಾಮಿನಲ್ಲಿ ಹೂಳು ತುಂಬಿರುತ್ತದೆ. ಅದರ ಕೆಳಗಿನ ಹೊಲದವರು ಎಂದಿನಂತೆ ಗುಳೆ ಹೊರಟಿರುತ್ತಾರೆ. ದುಡ್ಡು ಸಾಲದೆ ಹೀಗಾಗುವುದು ಕಡಿಮೆ. ಚೆಕ್‌ಡ್ಯಾಮ್ ಎಲ್ಲಿ ಬೇಕು, ಯಾರಿಗೆ ಬೇಕು, ಆಮೇಲೆ ಯಾರು ನೋಡಿಕೊಳ್ಳಬೇಕು ಎಂದು ಊರನ್ನು ಯಾರೂ ಕೇಳಿರುವುದಿಲ್ಲ; ಊರೂ ಒಟ್ಟಿಗೆ ಕೂತು ಹೇಳಿರುವುದಿಲ್ಲ. ಹಾಗೆ ಕೂತು, ಮಾತಾಡಿ, ಆಡಿದಂತೆ ನಡೆದ ಊರುಗಳು ಕಲಿಸಿದ್ದನ್ನು ಇಲ್ಲಿ ಕೊಟ್ಟಿದ್ದೇನೆ. ಸಂಘದ ಅಕ್ಕಂದಿರು, ಪಂಚಾಯಿತಿ ಸದಸ್ಯರು, ಊರಿಗೆ ಏನಾದರೂ ಮಾಡಬೇಕೆಂಬ ಹಂಬಲದ ಯುವಕರು ನಾಳೆಯಿಂದಲೇ ಬಳಸಬಹುದು.

1. ಸಣ್ಣ ಗುಂಪಿನಿಂದ ಶುರುಮಾಡಿ

ಇಡೀ ಊರನ್ನು ಒಂದೇ ದಿನದಲ್ಲಿ ಒಗ್ಗೂಡಿಸಲು ಹೋಗಬೇಡಿ. 1980ರ ದಶಕದ ನಡುವೆ, ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ನಮ್ಮ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬಿಬ್ಬರ ಹಿಡಿತಕ್ಕೆ ಸಿಕ್ಕಿದ್ದ ಸಂಘಗಳವು. ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ಸಾಲ ತೀರಿಸಲು ತಯಾರಿದ್ದೇವೆ, ಆ ದೊಡ್ಡ ಸಂಘದ ಮೂಲಕ ಮಾತ್ರ ಬೇಡ ಎಂದರು. ಒಬ್ಬರನ್ನೊಬ್ಬರು ನಂಬಿದವರು ತಾವೇ ಆರಿಸಿಕೊಂಡ ಗುಂಪು ಬಾಳುತ್ತದೆ ಎಂಬ ಪಾಠ ಅಲ್ಲಿ ಸಿಕ್ಕಿತು. 1992ರಲ್ಲಿ ನಬಾರ್ಡ್ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದ್ದು ಇಂಥ ಅನುಭವದ ಬಲದಿಂದಲೇ. ಹತ್ತರಿಂದ ಇಪ್ಪತ್ತು ಜನ ಸಾಕು. ಯಾರು ಯಾರ ಜೊತೆ ಕೂರಬೇಕೆಂಬುದನ್ನು ಹೊರಗಿನವರು ಹೇಳಬಾರದು.

2. ವಾರದ ಸಭೆ ತಪ್ಪಬಾರದು

ಸಂಜೀವಿನಿ ಸಂಘಗಳಿಗೆ ಹೇಳಿಕೊಡುವ ಪಂಚಸೂತ್ರಗಳು ಗೊತ್ತಿರಲಿ: ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕದ ಪುಸ್ತಕ. ಐದರಲ್ಲಿ ಸಭೆಯೇ ಮೊದಲಿರುವುದಕ್ಕೆ ಕಾರಣವಿದೆ. ಸಭೆ ನಿಂತ ಸಂಘದಲ್ಲಿ ಉಳಿದ ನಾಲ್ಕೂ ಹೆಚ್ಚು ದಿನ ನಡೆಯುವುದಿಲ್ಲ.

3. ಬಡವರ ಪಟ್ಟಿ ಓಣಿಯಲ್ಲೇ ತಯಾರಾಗಲಿ

ಬಿಪಿಎಲ್ ಕಾರ್ಡಿನ ಪಟ್ಟಿಯನ್ನೇ ನೆಚ್ಚಿಕೊಂಡರೆ ನಿಜವಾಗಿ ಬಡತನದಲ್ಲಿರುವವರು ತಪ್ಪಿಹೋಗುತ್ತಾರೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಡುಂಬಶ್ರೀ ಬೇರೆ ದಾರಿ ಹಿಡಿಯಿತು. ಆದಾಯ ಎಷ್ಟೆಂದು ಕೇಳುವ ಬದಲು ಕಣ್ಣಿಗೆ ಕಾಣುವ ಒಂಬತ್ತು ಕೊರತೆಗಳನ್ನು ಗುರುತಿಸಿತು: ಜಮೀನಿಲ್ಲ, ಮನೆ ಶಿಥಿಲವಾಗಿದೆ, ಶೌಚಾಲಯವಿಲ್ಲ, ಕುಡಿಯುವ ನೀರು ಹತ್ತಿರದಲ್ಲಿಲ್ಲ, ಹೆಂಗಸೊಬ್ಬರೇ ಸಂಸಾರ ತೂಗಿಸುತ್ತಿದ್ದಾರೆ, ಮನೆಯಲ್ಲಿ ದೀರ್ಘಕಾಲದ ರೋಗಿ ಇದ್ದಾರೆ, ಹೀಗೆ. ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಇದ್ದರೆ ಆ ಕುಟುಂಬ ಬಡ ಕುಟುಂಬ. ಗುರುತಿಸುವ ಕೆಲಸದಲ್ಲಿ ನೆರೆಹೊರೆಯ ಹೆಂಗಸರೇ ಇದ್ದರು. ಆದಾಯದ ಬಗ್ಗೆ ಸುಳ್ಳು ಹೇಳಬಹುದು. ಸೋರುವ ಮಾಡನ್ನು ಪಕ್ಕದ ಮನೆಯವರಿಂದ ಮುಚ್ಚಿಡಲಾಗದು.

ನಿಮ್ಮ ಊರಲ್ಲೂ ಓಣಿ ಓಣಿಗೆ ಕೂತು ಇಂಥ ಪಟ್ಟಿ ಮಾಡಿ. ಕೇರಿ, ತಾಂಡಾ, ಹಟ್ಟಿಗಳಿಗೆ ಮೊದಲು ಹೋಗಿ. ಅಲ್ಲಿನವರನ್ನು ಊರೊಳಕ್ಕೆ ಕರೆಸಿ ಕೇಳುವುದಕ್ಕೂ ಅವರ ಅಂಗಳದಲ್ಲಿ ಕೂತು ಕೇಳುವುದಕ್ಕೂ ಬಹಳ ಅಂತರವಿದೆ. ಸಾಲವಿರಲಿ, ಕೆರೆಯ ಗೋಡಿರಲಿ, ಮನೆಯಿರಲಿ, ಹಂಚುವಾಗ ಈ ಪಟ್ಟಿಯ ಅತಿ ಬಡ ಮನೆಯಿಂದ ಮೇಲಕ್ಕೆ ಬನ್ನಿ. ನನ್ನ ಮಟ್ಟಿಗೆ ಇಡೀ ಕೆಲಸದ ಸತ್ವ ಇರುವುದು ಇಲ್ಲಿಯೇ. ಉಳಿದೆಲ್ಲ ಸೂತ್ರ ಪಾಲಿಸಿ ಇದನ್ನು ಬಿಟ್ಟರೆ ಊರು ಹಸಿರಾಗುತ್ತದೆ, ಬಡವರು ಬಡವರಾಗಿಯೇ ಇರುತ್ತಾರೆ.

4. ನೀರಿನ ಲೆಕ್ಕ ಹಾಕಿ, ಆಮೇಲೆ ಬೆಳೆ ಆರಿಸಿ

ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ, ಅಂದರೆ ಈಗಿನ ಅಹಿಲ್ಯಾನಗರದ, ಹಿವರೆ ಬಜಾರ್ ಮಳೆನೆರಳಿನ ಊರು. ವರ್ಷಕ್ಕೆ 400 ಮಿಲಿಮೀಟರಿನ ಆಚೀಚೆ ಮಳೆ. ಬರ, ಹೆಂಡ, ಗುಳೆಗಳಿಂದ ಸೊರಗಿದ್ದ ಆ ಊರಿಗೆ 1989ರಲ್ಲಿ ಪೋಪಟ್‌ರಾವ್ ಪವಾರ್ ಸರಪಂಚರಾದರು. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿದರು, ಗಿಡ ನೆಟ್ಟರು, ಗುಡ್ಡಕ್ಕೆ ದನ ಬಿಡುವುದನ್ನೂ ಮರ ಕಡಿಯುವುದನ್ನೂ ಊರೇ ನಿಲ್ಲಿಸಿತು. ಹುಲ್ಲನ್ನು ಕೊಯ್ದು ತಂದು ಮೇಯಿಸಿದರು, ಹಾಲು ಹೆಚ್ಚಿತು.

ಇಷ್ಟನ್ನು ಬೇರೆ ಊರುಗಳೂ ಮಾಡಿವೆ. ಹಿಂಗಿಸಿದ ನೀರನ್ನು ಯಾರು ಎಷ್ಟು ಎತ್ತಬೇಕು ಎಂಬ ಕಷ್ಟದ ಪ್ರಶ್ನೆಯನ್ನು ಹಿವರೆ ಬಜಾರ್ ಗ್ರಾಮಸಭೆಗೆ ತಂದಿತು. ಬೇಸಾಯಕ್ಕೆ ಬೋರ್‌ವೆಲ್ ಕೊರೆಯಬಾರದು, ಕಬ್ಬು ಮತ್ತು ಬಾಳೆ ಬೇಡ ಎಂದು ತೀರ್ಮಾನವಾಯಿತು. ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು ಸಭೆಯ ಮುಂದಿಡುತ್ತಾರೆ. ಕುಡಿಯಲು ಮತ್ತು ದನಕರುಗಳಿಗೆ ಮೊದಲು ತೆಗೆದಿಟ್ಟು, ಉಳಿದ ನೀರಿಗೆ ತಕ್ಕ ಬೆಳೆ. ಮಳೆ ಕೈಕೊಟ್ಟ ವರ್ಷ ಹೆಚ್ಚು ನೀರಿನ ಬೆಳೆಗೆ ಕೈಹಾಕುವುದಿಲ್ಲ. 1995ರಲ್ಲಿ ಅಲ್ಲಿ 168 ಕುಟುಂಬಗಳು ಬಡತನ ರೇಖೆಯ ಕೆಳಗಿದ್ದವು. ಸುಮಾರು ಹದಿನೈದು ವರ್ಷಗಳಲ್ಲಿ ಆ ಸಂಖ್ಯೆ ಮೂರಕ್ಕೆ ಇಳಿಯಿತು. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಸಾವಿರ ಅಡಿ ದಾಟಿದರೂ ನೀರು ಸಿಗದ ಕೋಲಾರ, ಚಿಕ್ಕಬಳ್ಳಾಪುರದ ಊರುಗಳಿಗೆ ಇದಕ್ಕಿಂತ ಹತ್ತಿರದ ಪಾಠವಿಲ್ಲ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಡಿ. ಮಕ್ಕಳೇ ಅಳತೆ ಬರೆದಿಡಲಿ, ಮಕ್ಕಳ ಗ್ರಾಮಸಭೆಯಲ್ಲಿ ಅವರೇ ಓದಿ ಹೇಳಲಿ. ಊರಿನ ನಾಲ್ಕಾರು ಬಾವಿಗಳ ಮಟ್ಟವನ್ನು ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಅಳೆದು ಪಂಚಾಯಿತಿ ಗೋಡೆಯ ಮೇಲೆ ಬರೆಯಿಸಿ.

5. ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬೇಡಿ

1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅದಕ್ಕೆ ಮುನ್ನ ವಾರ್ಡ್ ಸಭೆ. ಬೇಡಿಕೆಗಳನ್ನು ವಾರ್ಡ್ ಸಭೆಯಲ್ಲೇ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ನಡಾವಳಿ ಪುಸ್ತಕದಲ್ಲಿ ಸೇರಿತೇ ಎಂದು ಓದಿಸಿ ಕೇಳಿ. ಓದಿಸದೆ ಸಹಿ ಹಾಕಬೇಡಿ. ಕೂಲಿಗೆ ಹೋಗುವವರು ಬರಬಲ್ಲ ಹೊತ್ತಿಗೆ ಸಭೆ ಇಡುವಂತೆ ಪಿಡಿಒ ಅವರನ್ನು ಒತ್ತಾಯಿಸಿ.

6. ಶ್ರಮದಾನದ ಹೆಸರಲ್ಲಿ ಬಡವರ ಕೂಲಿ ಕಸಿಯಬೇಡಿ

ಮುಯ್ಯಾಳು ನಮ್ಮ ಹಳ್ಳಿಗಳ ಹಳೆಯ ಪದ್ಧತಿ: ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ಇದನ್ನೇ ಹೊಸದಾಗಿ ಕಟ್ಟಿಕೊಂಡವು. ಸಣ್ಣ ರೈತರು ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಸೇರಿ ದುಡಿಯುತ್ತಾರೆ. ದುಡಿದವರಿಗೆ ದುಡಿಮೆ ವಾಪಸ್ಸು ಬರುವುದರಿಂದ ಅದು ನ್ಯಾಯದ್ದು. ಆದರೆ ಜಮೀನಿಲ್ಲದ ಕೂಲಿಕಾರರು ದಿನದ ಸಂಬಳ ಬಿಟ್ಟು ಕೆರೆಯ ಹೂಳೆತ್ತಬೇಕು, ನೀರು ಮಾತ್ರ ಅಚ್ಚುಕಟ್ಟಿನ ದೊಡ್ಡ ಹಿಡುವಳಿದಾರರಿಗೆ ಹೋಗಬೇಕು ಎಂದರೆ ಅದು ಬಿಟ್ಟಿ ಚಾಕರಿ. ಅಂಥ ಕಡೆ ಜಮೀನಿದ್ದವರು ಎಕರೆಗಿಷ್ಟೆಂದು ವಂತಿಗೆ ಕೊಡಲಿ, ದುಡಿದವರಿಗೆ ಕೂಲಿ ಸಲ್ಲಲಿ.

7. ಕಟ್ಟುವ ಮುನ್ನವೇ ಕಾಯುವವರನ್ನು ಗೊತ್ತುಮಾಡಿ

ನಮ್ಮ ಹಿರಿಯರು ಕೆರೆ ಕಟ್ಟಿ ಸುಮ್ಮನಾಗಲಿಲ್ಲ. ಕೆರೆ ನೋಡಿಕೊಳ್ಳುವವರಿಗೆ ಕಟ್ಟುಕೊಡುಗೆಯಾಗಿ ಭೂಮಿ ಬಿಟ್ಟರು, ತೂಬು ತೆರೆದು ಮುಚ್ಚಲು ನೀರುಗಂಟಿಯನ್ನು ಇಟ್ಟರು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ರಾಜ್ಯದ ಕೆರೆ ಅಭಿವೃದ್ಧಿ ಯೋಜನೆಯೂ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಜವಾಬ್ದಾರಿಯನ್ನು ಊರಿಗೆ ಮರಳಿಸಲು ಯತ್ನಿಸಿತು. ನೀರುಗಂಟಿಯ ಸಂಬಳ ಎಲ್ಲಿಂದ, ಪೋಷಕ ಕಾಲುವೆಯ ಜಾಲಿ ತೆಗೆಯುವವರು ಯಾರು, ಕೋಡಿ ಒಡೆದರೆ ರಿಪೇರಿ ದುಡ್ಡು ಯಾವ ಖಾತೆಯಲ್ಲಿದೆ? ಈ ಮೂರಕ್ಕೆ ಉತ್ತರ ಬರೆದಿಟ್ಟ ಮೇಲೆ ಜೆಸಿಬಿ ಕರೆಸಿ.

8. ಸಾಲ ದುಡಿಮೆಗಿರಲಿ

1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದು ಅದರ ಗುರಿ. ನೂರಿಪ್ಪತ್ತು ವರ್ಷಗಳ ಮೇಲೆ, 2025ರ ಫೆಬ್ರವರಿಯಲ್ಲಿ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಮನೆಗಳು ಯಾವುವೆಂದು ಸಂಘದವರಿಗೆ ಗೊತ್ತಿರುತ್ತದೆ. ಅವಮಾನವಾಗದಂತೆ ಮನೆಗೆ ಹೋಗಿ ಮಾತಾಡಿ, ದುಬಾರಿ ಬಡ್ಡಿಯದನ್ನು ಮೊದಲು ತೀರಿಸಲು ಸಂಘದ ಒಳಸಾಲ ಕೊಡಿ. ಹಸು, ಹೊಲಿಗೆ ಯಂತ್ರ, ತರಕಾರಿ ಬಂಡಿಯ ಸಾಲ ಅದಾದ ಮೇಲೆ.

9. ಲೆಕ್ಕವನ್ನು ಬಯಲಿನಲ್ಲಿಡಿ

ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಗೆ ಹೋಗಿ ನಗದು ಪುಸ್ತಕ, ಓಚರು, ಅಳತೆ ಪುಸ್ತಕ ನೋಡಲು ಕೇಳಿ. ಕಾಮಗಾರಿ ನಡೆದ ಜಾಗಕ್ಕೆ ಟೇಪು ಹಿಡಿದು ನಡೆಯಿರಿ. ಪಂಚಾಯಿತಿಯನ್ನು ಕೇಳುವ ಮೊದಲು ನಿಮ್ಮ ಸಂಘದ ಜಮಾ ಖರ್ಚನ್ನು ಎಲ್ಲರೆದುರು ಗಟ್ಟಿಯಾಗಿ ಓದಿ.

10. ಪ್ರತಿನಿಧಿಗಳು ಬದಲಾಗುತ್ತಿರಲಿ

ಒಬ್ಬರ ಹೆಗಲ ಮೇಲೆ ನಿಂತ ಕೆಲಸ ಅವರು ಕಾಯಿಲೆ ಬಿದ್ದ ದಿನ ನಿಲ್ಲುತ್ತದೆ. ಸಂಘದ ಪ್ರತಿನಿಧಿಗಳನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಮುಂದೆ ಬರುವವರನ್ನು ಆರು ತಿಂಗಳು ಮೊದಲೇ ಬ್ಯಾಂಕಿಗೂ ತಾಲ್ಲೂಕು ಪಂಚಾಯಿತಿಗೂ ಜೊತೆಗೆ ಕರೆದೊಯ್ಯಿರಿ. ಓದು ಬಾರದವರನ್ನು ಬಿಡಬೇಡಿ; ಸಭೆಯನ್ನು ಅವರೇ ನಡೆಸಲಿ, ಬರೆಯುವುದಕ್ಕೆ ಓದಿದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತರಾಯಿತು.