ಅಪ್ಪ ಹೂಂ ಅಂದರೆ ಸಾಕೇ? ಮಕ್ಕಳು, ಕೋವಿ ಮತ್ತು ಬೇಟೆ

ಓದಿಕೊಳ್ಳಬೇಕಾದ ವಾಕ್ಯಗಳು: ಆದಿಕಾಂಡ 25:27-28, ಧರ್ಮೋಪದೇಶಕಾಂಡ 19:4-5 ಮತ್ತು 22:6-8, ಕೀರ್ತನೆ 127:3-4



ಕಳೆದ ಯುವಸಭೆಯಲ್ಲಿ ಕಾಡುಹಂದಿಯ ಕಾಟದ ಬಗ್ಗೆ ಮಾತು ಬಂತು. ನಮ್ಮ ಕಾಸರಗೋಡಿನ ಗುಡ್ಡದ ಬದಿಯ ಮನೆಗಳಲ್ಲಿ ಇದು ದಿನದ ಮಾತು. ನೆಟ್ಟ ಮರಗೆಣಸು, ಕೆಸು, ಬಾಳೆಕಂದು, ಎಳೆ ತೆಂಗು ಯಾವುದೂ ಉಳಿಯುವುದಿಲ್ಲ. ಮಾತಿನ ನಡುವೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಅಣ್ಣಾ, ಅಮೆರಿಕದಲ್ಲಿ ನನ್ನ ಪ್ರಾಯದವರು ಅಪ್ಪನ ಜೊತೆ ಕೋವಿ ಹಿಡಿದು ಬೇಟೆಗೆ ಹೋಗ್ತಾರೆ, ವಿಡಿಯೋದಲ್ಲಿ ನೋಡಿದ್ದೇನೆ. ನನ್ನ ಅಪ್ಪ ಹೂಂ ಅಂದ್ರೆ ನಾನು ಯಾಕೆ ಹೋಗಬಾರದು?" ಎಂದು ಕೇಳಿದ.

ಕೆಲವರು ನಕ್ಕರು. ಆದರೆ ನಮಗೆ ಉತ್ತರ ಕೂಡಲೇ ಹೊಳೆಯಲಿಲ್ಲ. ಪ್ರಶ್ನೆ ಸಣ್ಣದಲ್ಲ. ಮಗುವಿನ ವಿಷಯದಲ್ಲಿ ತೀರ್ಮಾನ ಮಾಡುವವರು ಯಾರು? ತಂದೆತಾಯಿಯೋ, ಸರಕಾರವೋ? ಈ ತಿಂಗಳ ಪಾಠಕ್ಕೆ ಅದನ್ನೇ ಎತ್ತಿಕೊಂಡಿದ್ದೇವೆ.

1. ಅಮೆರಿಕದ ಮಾತು

ಹುಡುಗ ಹೇಳಿದ್ದು ಸುಳ್ಳಲ್ಲ. ಅಲ್ಲಿ ಬೇಟೆಯ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿರಿಯರ ಜೊತೆ ಬೇಟೆಗೆ ಹೋಗುವ ಮಕ್ಕಳಿಗೆ ಕನಿಷ್ಠ 10 ವರ್ಷ ಆಗಿರಬೇಕೆಂಬ ನಿಯಮವಿತ್ತು. 2017ರಲ್ಲಿ ಅದನ್ನೂ ತೆಗೆದುಹಾಕಿದರು. "ನನ್ನ ಮಗ ಯಾವಾಗ ತಯಾರಾಗಿದ್ದಾನೆ ಎಂಬುದು ನನಗೆ ಗೊತ್ತು, ಶಾಸನಸಭೆಗೆ ಗೊತ್ತಿಲ್ಲ" ಎಂಬುದು ಅದನ್ನು ಬೆಂಬಲಿಸುವವರ ವಾದ.

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಧರ್ಮಸಭೆಯೂ ತಂದೆತಾಯಿಗೆ ದೊಡ್ಡ ಸ್ಥಾನ ಕೊಟ್ಟಿದೆ. ಮಕ್ಕಳ ಶಿಕ್ಷಣದ ಮೊದಲ ಹೊಣೆ ಅವರದೇ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2223ನೇ ಪರಿಚ್ಛೇದ ಕಲಿಸುತ್ತದೆ. ಕುಟುಂಬ ಮಾಡಬಲ್ಲದ್ದನ್ನು ಸರಕಾರ ಕಸಿದುಕೊಳ್ಳಬಾರದೆಂಬುದೂ ನಮ್ಮ ಸಾಮಾಜಿಕ ಬೋಧನೆಯ ಒಂದು ತತ್ತ್ವ. 1931ರಲ್ಲಿ ಹನ್ನೊಂದನೇ ಪಿಯುಸ್ ಜಗದ್ಗುರುಗಳು ಇದನ್ನು ಒತ್ತಿ ಹೇಳಿದ್ದರು.

ಆದರೆ ಇದರ ಹಿಂದಿನ ಪರಿಚ್ಛೇದ, ಅಂದರೆ 2222, ಇನ್ನೊಂದು ಮಾತು ಹೇಳುತ್ತದೆ. ಮಕ್ಕಳು ಮೊದಲು ದೇವರ ಮಕ್ಕಳು. ತಂದೆತಾಯಿ ಅವರನ್ನು ಹಾಗೆಯೇ ಕಾಣಬೇಕು. ಮಗು ನಮ್ಮ ಹೆಸರಿನ ಆಸ್ತಿಯಲ್ಲ, ನಮ್ಮ ಕೈಗೆ ಒಪ್ಪಿಸಿದ ಜೀವ. ಒಪ್ಪಿಸಿದ ವಸ್ತುವಿನ ಮೇಲೆ ಹಕ್ಕಿಗಿಂತ ಹೊಣೆ ಹೆಚ್ಚು.

2. ನಮ್ಮ ಕಾನೂನು ಏನು ಹೇಳುತ್ತದೆ?

ಪಂಚಾಯತಿನಿಂದ ಮಲಯಾಳದಲ್ಲಿ ಬರುವ ನೋಟೀಸು ನಮ್ಮ ಹಿರಿಯರಲ್ಲಿ ಅನೇಕರಿಗೆ ಓದಲು ಬಾರದು. ಹಾಗಾಗಿ ಮುಖ್ಯ ವಿಷಯಗಳನ್ನು ಇಲ್ಲಿ ಕೊಡುತ್ತೇವೆ.

ಒಂದು: 1959ರ ಆಯುಧ ಕಾಯಿದೆಯ 9ನೇ ಕಲಮಿನ ಪ್ರಕಾರ 21 ವರ್ಷ ತುಂಬದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ, ಹೊತ್ತು ತಿರುಗುವಂತಿಲ್ಲ. ಗುರಿ ಹೊಡೆಯುವ ತರಬೇತಿಗೆ ಮಾತ್ರ ಷರತ್ತಿನ ಮೇಲೆ ರಿಯಾಯಿತಿ ಇದೆ.

ಎರಡು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ಉರುಳು ಹಾಕುವುದು, ಆಮಿಷ ಇಡುವುದು, ಕೊಲ್ಲಲೆಂದು ಪ್ರಾಣಿಯನ್ನು ಅಟ್ಟುವುದು, ಇವೆಲ್ಲವೂ ಆ ಕಾಯಿದೆಯಲ್ಲಿ ಬೇಟೆಯೇ. "ಹುಡುಗ ಬರೀ ಟಾರ್ಚ್ ಹಿಡಿದಿದ್ದ, ಪೊದೆಗೆ ಕೋಲು ಬಡಿದ ಅಷ್ಟೇ" ಎನ್ನುವ ಸಮಾಧಾನ ನಿಲ್ಲುವುದಿಲ್ಲ.

ಮೂರು: 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಬೆಳೆಗೂ ಜೀವಕ್ಕೂ ಅಪಾಯವಾಗುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು, ನಗರಸಭೆಗಳಿಗೆ ಕೊಟ್ಟಿತು. ಪರವಾನಗಿ ಇರುವ ಕೋವಿಯವರನ್ನು ಇದಕ್ಕೆ ನೇಮಿಸುತ್ತಾರೆ. ವಿಷ, ಸ್ಫೋಟಕ, ಕರೆಂಟು ಬಳಸುವಂತಿಲ್ಲ. ಮಾಂಸವನ್ನು ಮನೆಗೆ ತರುವಂತಿಲ್ಲ. ಸ್ಫೋಟಕ ಏಕೆ ಬೇಡವೆಂದು ತಿಳಿಯಲು 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿ ಸಿಡಿದು, ಹೊಳೆಯ ನೀರಿನಲ್ಲಿ ನಿಂತೇ ಸತ್ತ ಗಬ್ಬದ ಆನೆಯನ್ನು ನೆನೆದರೆ ಸಾಕು.

ಕೆಲವರು ಕೊಡಗಿನ ಉದಾಹರಣೆ ಕೊಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಅದು ಪರವಾನಗಿಯ ವಿನಾಯಿತಿ, ಬೇಟೆಯ ಅನುಮತಿಯಲ್ಲ. ಇನ್ನು ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಡ ಎಂದು ಹುಡುಗರು ಹೇಳುತ್ತಾರೆ. ಅದರಿಂದ ಮೊಲಕ್ಕೋ ಕಾಡುಕೋಳಿಗೋ ಹೊಡೆದರೆ ಅದೂ ಬೇಟೆಯೇ. ಗುರಿ ತಪ್ಪಿದರೆ ಮನುಷ್ಯರ ಕಣ್ಣು ಹೋಗಲು ಆ ಒಂದು ಚರೆ ಸಾಕು.

ಆದ್ದರಿಂದ ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಇದು: ತಂದೆತಾಯಿಯ "ಬೇಡ" ಎಂಬ ಮಾತಿಗೆ ಪೂರ್ಣ ಬೆಲೆ ಇದೆ, "ಹೂಂ" ಎಂಬ ಮಾತಿಗೆ ಮಿತಿ ಇದೆ. ಕಾನೂನು ಬಿಟ್ಟದ್ದನ್ನೂ ಅಪ್ಪ ತಡೆಯಬಹುದು. ಕಾನೂನು ತಡೆದದ್ದನ್ನು ಅಪ್ಪ ಬಿಟ್ಟುಕೊಡಲಾಗದು.

3. ಕಾನೂನು ಏಕೆ ಹೀಗೆ?

ಪದವಿಯಲ್ಲಿ ಪ್ರಾಣಿಶಾಸ್ತ್ರ ಓದುವಾಗ ನಾವು ಕಲಿತ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೆದುಳಿನಲ್ಲಿ ಹಣೆಯ ಹಿಂದಿನ ಭಾಗ ಕೊನೆಗೆ ಬಲಿಯುತ್ತದೆ. ಇಪ್ಪತ್ತರ ನಡುಪ್ರಾಯದವರೆಗೂ ಅದರ ಬೆಳವಣಿಗೆ ಮುಗಿಯುವುದಿಲ್ಲ. ಮುಂದಾಗುವುದನ್ನು ಯೋಚಿಸುವುದು, ಆವೇಶವನ್ನು ತಡೆಯುವುದು ಆ ಭಾಗದ ಕೆಲಸ. ಕೋವಿಗೆ ಬೇಕಾದದ್ದೂ ಅದೇ. ಗುರಿ ಹೊಡೆಯಲು ಹದಿನಾಲ್ಕರ ಹುಡುಗನಿಗೂ ಬರುತ್ತದೆ. ಹೊಡೆಯದೆ ಇರಲು ಬರುವುದು ತಡವಾಗಿ.

ಪವಿತ್ರ ಗ್ರಂಥ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಸೌದೆ ಕಡಿಯುವಾಗ ಕೊಡಲಿ ಕಾವಿನಿಂದ ಕಳಚಿ ಜೊತೆಗಾರನಿಗೆ ತಗಲಿದರೆ ಏನು ಮಾಡಬೇಕೆಂದು ಧರ್ಮೋಪದೇಶಕಾಂಡ ವಿವರಿಸುತ್ತದೆ. ಕೊಂದವನಲ್ಲಿ ದ್ವೇಷವಿಲ್ಲ, ಆದರೂ ಅವನು ಓಡಿಹೋಗಿ ಆಶ್ರಯ ಪಡೆಯಬೇಕು. ಬೇಕೆಂದು ಮಾಡದಿದ್ದರೂ ಹೋದ ಜೀವ ಹೋಯಿತು. ಅದೇ ಗ್ರಂಥ, ಹೊಸ ಮನೆ ಕಟ್ಟುವವನು ಮಾಳಿಗೆಗೆ ಕಟ್ಟೆ ಕಟ್ಟಬೇಕೆಂದೂ ವಿಧಿಸುತ್ತದೆ. ಮನೆ ಅವನದೇ, ಮಾಳಿಗೆ ಅವನದೇ. ಆದರೂ ಬೀಳುವವರ ರಕ್ತದ ಹೊಣೆ ಅವನ ಮೇಲೆ. ನಮ್ಮ ವಯೋಮಿತಿಯ ಕಾನೂನು ಅಂಥ ಒಂದು ಕಟ್ಟೆ.

4. ನಮ್ಮವರೊಬ್ಬರ ಮಾತು

ಇದನ್ನು ಸಿದ್ಧಪಡಿಸಲು ಕುಳಿತಾಗ ನಮ್ಮ ಸಂಯೋಜಕರ ತಂಡದ ಒಬ್ಬರು, ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದರು. ಆಗ ಅವರಿಗೆ ಹದಿಮೂರು. ರಾತ್ರಿ ಚಿಕ್ಕಪ್ಪನವರ ಜೊತೆ ಹೋಗಲು ಅಪ್ಪನನ್ನು ಕೇಳಿದರು. "ಗಂಡು ಹುಡುಗ, ಹೋಗಿ ಬರಲಿ" ಎಂದರು ಅಪ್ಪ. ಬಾಳೆತೋಟದ ಆಚೆ ಬದಿಯಿಂದ ಪೊದೆಗೆ ಕೋಲು ಬಡಿಯುವ ಕೆಲಸ ಇವರಿಗೆ ಸಿಕ್ಕಿತು. ಟಾರ್ಚ್ ಕೈಕೊಟ್ಟಿತು. ಕತ್ತಲಲ್ಲಿ ಹೆಜ್ಜೆ ತಪ್ಪಿ ಈಚೆ ಬದಿಗೆ ಬಂದರು. ಸದ್ದು ಕೇಳಿದ ಕಡೆಗೆ ಚಿಕ್ಕಪ್ಪ ಗುಂಡು ಹಾರಿಸಿದರು. ಚರೆಗಳು ಕಿವಿಯ ಪಕ್ಕದ ಬಾಳೆಲೆಯನ್ನು ಹರಿದುಕೊಂಡು ಹೋದವು.

ಯಾರಿಗೂ ಗಾಯವಾಗಲಿಲ್ಲ. ಚಿಕ್ಕಪ್ಪ ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರಂತೆ. ಕೈ ನಡುಗಿ ಕೋವಿ ಎತ್ತಲಾಗಲಿಲ್ಲ. ವಿಷಯ ತಿಳಿದ ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. "ಅಪ್ಪ ಕೆಟ್ಟವರಲ್ಲ. ನನ್ನ ಮೇಲಿನ ಪ್ರೀತಿಗೇ ಹೂಂ ಅಂದದ್ದು" ಎಂದು ನಮ್ಮ ಸ್ನೇಹಿತರು ಹೇಳಿದರು. ಅದು ನಿಜ. ಪ್ರೀತಿಯಿಂದ ಹೇಳಿದ "ಹೂಂ" ಕೂಡ ಮಗನನ್ನು ಗುಂಡಿನ ಎದುರಿಗೆ ನಿಲ್ಲಿಸಬಲ್ಲದು. ಗಂಭೀರ ಕಾರಣವಿಲ್ಲದೆ ಯಾರನ್ನೂ ಪ್ರಾಣಾಪಾಯಕ್ಕೆ ಒಡ್ಡಬಾರದೆಂದು ಧರ್ಮೋಪದೇಶ ಗ್ರಂಥ ಐದನೇ ಕಟ್ಟಳೆಯ ವಿವರಣೆಯಲ್ಲಿಯೇ ಹೇಳಿದೆ (2269).

5. ಹಾಗಾದರೆ ತಂದೆತಾಯಿಯ ಪಾಲು ಏನು?

ಬಹಳ ಇದೆ. ಇಸಾಕನಿಗೆ ಬೇಟೆಯ ಮಾಂಸದ ರುಚಿ, ಅದಕ್ಕಾಗಿ ಏಸಾವನ ಮೇಲೆ ಹೆಚ್ಚು ಪ್ರೀತಿ. ತಂದೆಯ ರುಚಿ ಮಗನ ದಾರಿಯಾಯಿತು, ಮನೆ ಎರಡಾಯಿತು. ಮಕ್ಕಳು ನಮ್ಮ ಅನುಮತಿಗಿಂತ ಹೆಚ್ಚಾಗಿ ನಮ್ಮ ಆಸೆಯನ್ನು ಓದುತ್ತಾರೆ. ಊಟಕ್ಕೆ ಕುಳಿತಾಗ ಬೇಟೆಯನ್ನು ಶೌರ್ಯವೆಂದು ಹೊಗಳಿ, ಆಮೇಲೆ ಮಗನಿಗೆ "ನೀನು ಬೇಡ" ಎಂದರೆ ಅವನು ಯಾವುದನ್ನು ನಂಬಬೇಕು?

ಬೆಳೆ ಕಾಯುವುದು ಪಾಪವಲ್ಲ. ಆಹಾರಕ್ಕಾಗಿ ಪ್ರಾಣಿಗಳನ್ನು ಬಳಸುವುದನ್ನು ಧರ್ಮಸಭೆ ತಪ್ಪೆನ್ನುವುದಿಲ್ಲ. ಅವುಗಳನ್ನು ವೃಥಾ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎನ್ನುತ್ತದೆ (2417-2418). ಗೂಡಿನಲ್ಲಿ ಮರಿಗಳ ಮೇಲೆ ಕುಳಿತ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂಬ ಸಣ್ಣ ವಿಧಿಯೂ ಧರ್ಮೋಪದೇಶಕಾಂಡದಲ್ಲಿದೆ. ಅಗತ್ಯಕ್ಕೂ ಮೋಜಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿಕೊಡುವುದು ಮನೆಯ ಕೆಲಸ. ಅದನ್ನು ಯಾವ ಕಾಯಿದೆಯೂ ಮಾಡಲಾರದು.

ಹುಡುಗರಿಗೆ ಮಾಡಲು ಕೆಲಸವೂ ಬೇಕು. ಬರೀ "ಬೇಡ" ಎಂದರೆ ಆಸೆ ಹೋಗುವುದಿಲ್ಲ. ಬೇಲಿ ಕಟ್ಟಲಿ. ಹಂದಿ ಎಲ್ಲಿಂದ ನುಗ್ಗುತ್ತದೆಂದು ಹಗಲಲ್ಲಿ ಗುರುತು ಮಾಡಲಿ. ಶಾಲೆಯಲ್ಲಿ ಮಲಯಾಳ ಕಲಿತವರು ಅಜ್ಜನ ಬೆಳೆನಷ್ಟದ ಅರ್ಜಿಯನ್ನೂ ಪಂಚಾಯತಿಗೆ ಕೊಡುವ ದೂರನ್ನೂ ಬರೆದುಕೊಡಲಿ. ಅಜ್ಜನಿಗೆ ಬಾರದ ಅಕ್ಷರ ಮೊಮ್ಮಗನಿಗೆ ಬರುತ್ತದೆ. ಅದೂ ಮನೆ ಕಾಯುವ ಕೆಲಸವೇ.

ಕೀರ್ತನೆಕಾರ ಮಕ್ಕಳನ್ನು ಶೂರನ ಕೈಯಲ್ಲಿರುವ ಬಾಣಗಳಿಗೆ ಹೋಲಿಸುತ್ತಾನೆ. ಬಿಟ್ಟ ಬಾಣ ಹಿಂತಿರುಗುವುದಿಲ್ಲ. ಯಾವ ಕಡೆಗೆ ಬಿಡುತ್ತೇವೆಂದು ಬಿಡುವ ಮುಂಚೆಯೇ ನೋಡಿಕೊಳ್ಳೋಣ.

ಮನೆಯಲ್ಲಿ ಮಾತಾಡಲು:
1. ನಮ್ಮ ಮನೆಯಲ್ಲಿ ಕೋವಿಯೋ ಏರ್‌ಗನ್ನೋ ಇದ್ದರೆ ಅದು ಎಲ್ಲಿದೆ? ಬೀಗದ ಕೈ ಯಾರ ಹತ್ತಿರ ಇದೆ?
2. ಮಕ್ಕಳಿಗೆ ನಾವು "ಹೂಂ" ಎಂದು, ಆಮೇಲೆ ಪಶ್ಚಾತ್ತಾಪ ಪಟ್ಟದ್ದು ಯಾವಾಗ? ಅದನ್ನು ಅವರಿಗೆ ಹೇಳಿದ್ದೇವೆಯೇ?
3. ಯುವಜನರೇ, ಅಪ್ಪ ಅಮ್ಮನಿಗೆ ಹೇಳದ ಯಾವುದಾದರೂ ಅಪಾಯ ನಿಮ್ಮ ಮನಸ್ಸಿನಲ್ಲಿದೆಯೇ? ಈ ವಾರ ಹೇಳಬಹುದೇ?

ಪ್ರಾರ್ಥನೆ: ಜೀವದಾತರಾದ ತಂದೆಯೇ, ನೀವು ಒಪ್ಪಿಸಿದ ಮಕ್ಕಳನ್ನು ಕಾಯುವ ಎಚ್ಚರವನ್ನು ತಂದೆತಾಯಿಗೆ ಕೊಡಿರಿ. ಕಾಯುವ ತಾಳ್ಮೆಯನ್ನು ನಮಗೆ ಕೊಡಿರಿ. ನಮ್ಮ ಗದ್ದೆ ತೋಟಗಳನ್ನೂ ಕಾಡಿನ ಜೀವಗಳನ್ನೂ ಆಶೀರ್ವದಿಸಿರಿ. ಆಮೆನ್.