ತೊಗಲಿಗೆ ಲೋಹದ ಅಲಂಕಾರ

ಆಷಾಢ ಏಕಾದಶಿಗೆಂದು ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಾಲಖಿಯು ನಮ್ಮ ಪುಣೆಯನ್ನು ಹಾದುಹೋಗುವುದನ್ನು ನೀವು ನೋಡಿರುವಿರಿ. ರಥವನ್ನೆಳೆಯುವ ಎತ್ತುಗಳ ಕೊರಳಲ್ಲಿ ಹಿತ್ತಾಳೆಯ ಗುಬ್ಬಿ, ಗೆಜ್ಜೆಗಳುಳ್ಳ ತೊಗಲಿನ ಪಟ್ಟಿಗಳನ್ನೂ ಕಂಡಿರಬಹುದು. ತೊಗಲು ಕೆಡದಂತೆ ಲೋಹವನ್ನು ಅದಕ್ಕೆ ಕೂಡಿಸುವುದು ಹೇಗೆ?

ಮೊದಲನೆಯದು ರಂಧ್ರ. ಬಟ್ಟೆಯಲ್ಲಿ ಸೂಜಿ ಮಾಡಿದ ತೂತು ಮುಚ್ಚಿಕೊಳ್ಳುವುದು, ತೊಗಲಿನದು ಮುಚ್ಚದು. ಆದುದರಿಂದ ಕುಶಲಿಗನು ಅಳೆದು ಗುರುತು ಮಾಡಿದ ಬಳಿಕವೇ ಚುಚ್ಚುವನು. ಚಾಕುವಿನ ಸೀಳು ಎಳೆತಕ್ಕೆ ತುದಿಯಿಂದ ಹರಿಯುತ್ತ ಹೋಗುವುದು. ದುಂಡು ರಂಧ್ರದಲ್ಲಿ ಎಳೆತವು ಸುತ್ತಲೂ ಹಂಚಿಹೋಗುವುದು. ರಂಧ್ರವು ಅಂಚಿಗೆ ತೀರ ಸಮೀಪವಿರಬಾರದು.

ಎರಡನೆಯದು ಲೋಹ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವಿರುವುದು. ತೇವ ತಗಲಿದಾಗ ಅದು ಕಬ್ಬಿಣದೊಡನೆ ಕೂಡಿ ಕಪ್ಪು ಕಲೆಯಾಗುವುದು. ಹಿರಿಯರು ಅಳಲೆಕಾಯಿ, ಅನ್ನಭೇದಿಗಳಿಂದ ಮಸಿ ಮಾಡುತ್ತಿದ್ದುದೂ ಈ ಗುಣದಿಂದಲೇ. ಹಿತ್ತಾಳೆಯು ಹಾಗೆ ಕಪ್ಪು ಮಾಡದು; ಆದರೆ ತೊಗಲಿನ ಎಣ್ಣೆ ತಗಲಿ ಹಸುರು ಕಿಲುಬು ಹಿಡಿಯುವುದರಿಂದ ಆಗಾಗ ಒಣಬಟ್ಟೆಯಿಂದ ಒರೆಸಬೇಕು.

ಮೂರನೆಯದು ಹಿಂಬದಿ. ಗುಬ್ಬಿಯ ಮೊಳೆಗೆ ತೂತುಬಿಲ್ಲೆ ತೊಡಿಸಿ, ತುದಿಯನ್ನು ಮೆಲ್ಲಗೆ ಬಡಿದು ಚಪ್ಪಟೆ ಮಾಡಿ, ಮೇಲೆ ಮೆತ್ತನೆಯ ತೊಗಲಿನ ಒಳಪದರ ಹೊಲಿಯಬೇಕು. ಇಲ್ಲವಾದರೆ ನೋಡುವವರಿಗೆ ಹೊಳಪು, ಎತ್ತಿಗೆ ಹುಣ್ಣು!

ಲೋಹ ಬೇಡವಾದೆಡೆ ಅದನ್ನು ಬಿಡುವುದೂ ಜಾಣ್ಮೆಯೇ. ನಮ್ಮ ಅಥಣಿ, ನಿಪ್ಪಾಣಿಗಳ ಕುಶಲಿಗರು ಕೊಲ್ಹಾಪುರಿ ಚಪ್ಪಲಿಯನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುವರು. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕ ಮನ್ನಣೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಕರ್ನಾಟಕದ 4 ಜಿಲ್ಲೆಗಳೂ ಸೇರಿವೆ.

ಮಕ್ಕಳಿರಾ, ಯಾವ ವಸ್ತುವನ್ನೇ ಆಗಲಿ ಸಿಂಗರಿಸುವ ಮುನ್ನ ಅದರ ಸ್ವಭಾವವನ್ನು ಅರಿಯಿರಿ. ಕಣ್ಣಿಗೆ ಕಾಣದ ಹಿಂಬದಿಯನ್ನೂ ತಿರುವಿ ನೋಡಿರಿ.