ಬೆಟ್ಟ ಹತ್ತುವವರ ಎದೆ, ಮೊಣಕಾಲು ಮತ್ತು ಅಂಗಾಲು

ಕೆ.ಆರ್. ಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದರು. ವಯಸ್ಸು 60 ದಾಟಿತ್ತು. ‘ಡಾಕ್ಟ್ರೇ, ಬೆಟ್ಟ ಹತ್ತಿದರೆ ಗ್ಯಾಸ್ ಆಗುತ್ತೆ. ಏನಾದರೂ ಮಾತ್ರೆ ಬರೆದುಕೊಡಿ’ ಎಂದರು. ಹೇಮಗಿರಿ, ಮೇಲುಕೋಟೆ, ಕರಿಘಟ್ಟ ಯಾವುದನ್ನೂ ಬಿಡದೆ ಚಿಕ್ಕಂದಿನಿಂದ ಹತ್ತಿದವರು. ಈಚೆಗೆ ಅರ್ಧ ಹತ್ತುವಷ್ಟರಲ್ಲಿ ಎದೆಯ ನಡುವೆ ಬಿಗಿದಂತಾಗುತ್ತಿತ್ತು. ಕೂತು ಐದು ನಿಮಿಷ ಸುಧಾರಿಸಿಕೊಂಡರೆ ಸರಿಹೋಗುತ್ತಿತ್ತು. ಎದ್ದು ಮತ್ತೆ ಹತ್ತಿದರೆ ಮತ್ತೆ ಅದೇ.

ಓದುಗರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಹೊಟ್ಟೆಯ ವಾಯುವಿಗೆ ಮೆಟ್ಟಿಲಿನ ಲೆಕ್ಕ ಗೊತ್ತಿರುವುದಿಲ್ಲ. ಶ್ರಮಪಟ್ಟಾಗ ಬಂದು, ನಿಂತಾಗ ಹೋಗುವ ಎದೆಬಿಗಿತವನ್ನು ಹೃದಯದ್ದೆಂದೇ ಮೊದಲು ಅನುಮಾನಿಸಬೇಕು. ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ರಕ್ತನಾಳಗಳ ಒಳಗೆ ಕೊಬ್ಬು ಕಟ್ಟಿ ಅವು ಕಿರಿದಾಗಿದ್ದರೂ ಕುಳಿತಿರುವಾಗ ಸಾಕಾಗುವಷ್ಟು ರಕ್ತ ಹರಿಯುತ್ತದೆ. ಬೆಟ್ಟ ಹತ್ತುವಾಗ ಬೇಡಿಕೆ ಏರುತ್ತದೆ, ಸರಬರಾಜು ಏರುವುದಿಲ್ಲ. ಆಗ ಬರುವ ನೋವೇ ಆಂಜೈನಾ. ಅದು ದವಡೆಗೆ, ಭುಜಕ್ಕೆ, ಎಡಗೈಗೆ ಹರಿಯಬಹುದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಬೆವರು, ವಾಕರಿಕೆ ಕಾಣಿಸಿಕೊಳ್ಳುವುದೂ ಉಂಟು. ಮಲಗಿದ್ದಾಗ ತೆಗೆದ ಇ.ಸಿ.ಜಿ. ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯ ನಿರೋಗಿ ಎಂದಲ್ಲ. ಮೇಷ್ಟ್ರ ಇ.ಸಿ.ಜಿ. ಕೂಡ ಸರಿಯಾಗಿಯೇ ಇತ್ತು. ಮೈಸೂರಿಗೆ ಕಳುಹಿಸಿ ಆಂಜಿಯೋಗ್ರಾಂ ಮಾಡಿಸಿದಾಗ ಒಂದು ರಕ್ತನಾಳ ಬಹುಪಾಲು ಕಟ್ಟಿಕೊಂಡಿತ್ತು.

ಒಂದು ರೀತಿಯಲ್ಲಿ ಅವರನ್ನು ಉಳಿಸಿದ್ದು ಬೆಟ್ಟವೇ. ಮನೆಯ ಜಗಲಿಯ ಮೇಲೆಯೇ ಕಾಲ ಕಳೆದಿದ್ದರೆ ಈ ಸೂಚನೆ ಸಿಗುತ್ತಿರಲಿಲ್ಲ.

ನಾನೂ ಬೆಟ್ಟದ ಹುಚ್ಚಿನವನೇ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ಮೇಲೆ ಮೊಣಕಾಲು ತರಚಿಕೊಂಡು ಬೆಳೆದವನು. ಈಗಲೂ ಭಾನುವಾರ ಬಿಡುವು ಸಿಕ್ಕರೆ ಕರಿಘಟ್ಟಕ್ಕೆ ಹೋಗಿ, ಲೋಕಪಾವನಿ ಕಾವೇರಿಯ ಕಡೆಗೆ ಹರಿಯುವುದನ್ನು ಮೇಲಿನಿಂದ ನೋಡದೆ ಬರುವುದಿಲ್ಲ. ಆದಿಚುಂಚನಗಿರಿಯಲ್ಲಿ ಬೆಳಗಿನ ಹೊತ್ತು ನವಿಲಿನ ಕೂಗು ಕೇಳುತ್ತಾ ಹತ್ತುವ ಸುಖವನ್ನು ಯಾವ ಟಾನಿಕ್ಕೂ ಕೊಡಲಾರದು. ಆದ್ದರಿಂದ ‘ವಯಸ್ಸಾಯಿತು, ಬೆಟ್ಟ ಬಿಡಿ’ ಎಂದು ಯಾರಿಗೂ ಸುಮ್ಮನೆ ಹೇಳುವವನಲ್ಲ. ಆದರೆ ವರ್ಷವಿಡೀ ಕುಳಿತಿದ್ದು ಹಬ್ಬದ ದಿನ ಒಂದೇ ಉಸಿರಿಗೆ ಹತ್ತಲು ಹೋಗುವವರನ್ನು ಕಂಡರೆ ಭಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಎರಡು ತಿಂಗಳು ಹೀಗೆ ನಡೆದು ಆಮೇಲೆ ಬೆಟ್ಟಕ್ಕೆ ಹೊರಡಿ. ಹತ್ತುವಾಗ ಪಕ್ಕದವರೊಡನೆ ಒಂದು ವಾಕ್ಯ ಪೂರ್ತಿ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ.

ಮೊಣಕಾಲು ನೋಯುವುದು ಹತ್ತುವಾಗ ಎಂದು ಬಹಳ ಜನ ತಿಳಿದಿದ್ದಾರೆ. ಹತ್ತುವಾಗ ದಣಿಯುವುದು ಹೃದಯ, ಶ್ವಾಸಕೋಶ. ಮೊಣಕಾಲಿಗೆ ಪೆಟ್ಟು ಹೆಚ್ಚು ಬೀಳುವುದು ಇಳಿಯುವಾಗ. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. ತೊಡೆಯ ಮುಂಭಾಗದ ಸ್ನಾಯು ಚಾಚಿಕೊಳ್ಳುತ್ತಲೇ ಈ ಭಾರವನ್ನು ತಡೆದು ಹಿಡಿಯಬೇಕು. ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಇದರಿಂದಲೇ. ಎರಡು ಮೂರು ದಿನದಲ್ಲಿ ತಾನಾಗಿ ಹೋಗುತ್ತದೆ, ಇಂಜೆಕ್ಷನ್ ಬೇಡ. ಮಂಡಿ ಊದಿಕೊಂಡರೆ ಅಥವಾ ಸಿಕ್ಕಿಹಾಕಿಕೊಂಡಂತಾದರೆ ಮಾತ್ರ ತೋರಿಸಿ. ಮಂಡಿ ನೋವಿರುವವರು ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ನಮ್ಮ ಅಜ್ಜಿಯರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು!

ಸಕ್ಕರೆ ಕಾಯಿಲೆಯವರ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ಬೆಟ್ಟಗಳ ಮೇಲೆಲ್ಲ ದೇವರಿದ್ದಾನೆ. ಭಕ್ತರು ಚಪ್ಪಲಿಯನ್ನು ಕೆಳಗೇ ಬಿಟ್ಟು ಹತ್ತುತ್ತಾರೆ. ಬೇಸಿಗೆಯ ಮಧ್ಯಾಹ್ನ ಕಲ್ಲು ಕಾದ ಹೆಂಚಾಗಿರುತ್ತದೆ. ಆರೋಗ್ಯವಂತನು ಕುಣಿಯುತ್ತಾ ನೆರಳಿಗೆ ಓಡುತ್ತಾನೆ. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜಡವಾದವನಿಗೆ ಬಿಸಿ ತಿಳಿಯುವುದೇ ಇಲ್ಲ. ನಾಗಮಂಗಲದ ಕಡೆಯ ತಾಯಿಯೊಬ್ಬರು ಹರಕೆ ತೀರಿಸಿ ಬಂದ ಮೂರನೆಯ ದಿನ ಬಂದರು. ಎರಡೂ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ. ಅವರಿಗೆ ನೋವಿರಲಿಲ್ಲ, ಹಾಸಿಗೆ ಒದ್ದೆಯಾದದ್ದನ್ನು ಕಂಡು ಸೊಸೆ ಕರೆತಂದಿದ್ದಳು. ಗಾಯ ಒಣಗಲು ತಿಂಗಳುಗಳೇ ಹಿಡಿದವು. ಒಂದು ಬೆರಳನ್ನು ಉಳಿಸಲಾಗಲಿಲ್ಲ.

ಇಂಥವರು ಬೆಳಿಗ್ಗೆ ಎಂಟರೊಳಗೆ ಹತ್ತಿ ಇಳಿದುಬಿಡಬೇಕು. ಹತ್ತುವ ದಾರಿಯಲ್ಲಿ ಮೆತ್ತನೆಯ ಷೂ ಹಾಕಿಕೊಳ್ಳಿ, ಗುಡಿಯ ಬಾಗಿಲಲ್ಲಿ ಬಿಡಿ. ಮನೆಗೆ ಬಂದೊಡನೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯವರಿಗೆ ತೋರಿಸಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಹತ್ತಬಾರದು. ಉಪವಾಸವಿದ್ದು ದರ್ಶನ ಮಾಡುವವರು ಮೊದಲೇ ವೈದ್ಯರನ್ನು ಕೇಳಿ ಔಷಧದ ಪ್ರಮಾಣ ಬದಲಿಸಿಕೊಳ್ಳಲಿ. ಮೈ ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಕೋತಿ ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಮೂರೂ ತಪ್ಪು. ಕಚ್ಚಿದ ಕಾಲನ್ನು ಅಲುಗದಂತೆ ಕೋಲಿಗೆ ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ಇಳಿಸಿ 108ಕ್ಕೆ ಕರೆ ಮಾಡಿ. ಎದೆನೋವು ಬಂದು ವಿಶ್ರಾಂತಿಯಿಂದ ಹೋಗದವರನ್ನೂ ಹೀಗೆಯೇ ಹೊತ್ತು ಇಳಿಸಬೇಕು. ‘ಕೆಳಗೆ ಹೋದರೆ ಸರಿಹೋಗುತ್ತೆ, ನಡೀರಿ’ ಎನ್ನಬಾರದು.

ಮೇಷ್ಟ್ರಿಗೆ ಸ್ಟೆಂಟ್ ಹಾಕಿದರು. ಮೊದಲ ತಿಂಗಳು ಅವರ ಮಡದಿ ಬೀದಿ ತುದಿಗೂ ಬಿಡಲಿಲ್ಲ. ಹೃದ್ರೋಗ ತಜ್ಞರು ಪರೀಕ್ಷಿಸಿ ಅನುಮತಿ ಕೊಟ್ಟ ಮೇಲೆ ಸಮತಟ್ಟಾದ ನೆಲದಲ್ಲಿ ನಡಿಗೆ ಶುರುವಾಯಿತು. ಈಗ ಅವರು ಮೆಟ್ಟಿಲು ಬಿಟ್ಟು ವಾಹನಗಳ ರಸ್ತೆಯಲ್ಲೇ ಕರಿಘಟ್ಟ ಹತ್ತುತ್ತಾರೆ, ತಿರುವಿಗೊಮ್ಮೆ ನಿಲ್ಲುತ್ತಾರೆ. ಜೇಬಿನಲ್ಲಿ ವೈದ್ಯರು ಬರೆದುಕೊಟ್ಟ, ನಾಲಿಗೆಯ ಕೆಳಗಿಡುವ ಮಾತ್ರೆ. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ಮಡದಿ. ಮೊನ್ನೆ ಅಲ್ಲೇ ಸಿಕ್ಕಿದ್ದರು. ‘ಗ್ಯಾಸ್ ಹೇಗಿದೆ ಮೇಷ್ಟ್ರೇ?’ ಎಂದೆ. ಅವರಿಗಿಂತ ಮೊದಲು ಅವರ ಮಡದಿ ನಕ್ಕರು.